ಅಳಿಸಿಹೋದ ನಂಬರು

ತಪ್ಪು ಮಾಡಿದವನು ತಮ್ಮ, ಕ್ಷಮೆ ಕೇಳಿದವಳು ಅಕ್ಕ. ಲೋಕದಲ್ಲಿ ಇದೇನೂ ಹೊಸದಲ್ಲ ಬಿಡಿ. ಆದರೆ ಅಕ್ಕ ಹಾಗೆ ಕೇಳುತ್ತಿರುವಾಗ ತಮ್ಮನಾದವನು ಪಕ್ಕದ ಕುರ್ಚಿಯಲ್ಲೇ ಕೂತು, ತುಟಿ ಪಿಟಕ್ಕೆನ್ನದೆ, ನೆಲದ ಟೈಲ್ಸು ಎಣಿಸುತ್ತಿದ್ದ.

ಅದು ಮೂಳೆ ಡಾಕ್ಟರಮ್ಮನ ಕೋಣೆ. ಗೋಡೆಯ ದೀಪದ ಪೆಟ್ಟಿಗೆಗೆ ಅಕ್ಕನ ಬಲಮಂಡಿಯ ಎಕ್ಸ್‌ರೇ ಸಿಕ್ಕಿಸಿದ್ದರು. ಮೇಲೆ ತೊಡೆಮೂಳೆಯ ತುದಿಗೆ ಲೋಹದ ಟೋಪಿ, ಕೆಳಗೆ ಕಾಲಿನ ಮೂಳೆಯ ತಲೆಗೆ ಲೋಹದ ತಟ್ಟೆ. ಇವೆರಡರ ನಡುವೆ ಒಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ, ಅದು ಎಕ್ಸ್‌ರೇಗೆ ಕಾಣುವುದಿಲ್ಲ. ಕಾಣುತ್ತಿದ್ದದ್ದು ತಟ್ಟೆಯ ಕೆಳಗಿನ ಮೂಳೆ. ಅದರೊಳಗೆ ಗೆದ್ದಲು ಹಿಡಿದ ಮರದ ಹಾಗೆ ಕಪ್ಪು ಕಪ್ಪು ಕುಳಿಗಳು ಬಿದ್ದಿದ್ದವು.

ನೋವು ಎಷ್ಟು ದಿನದಿಂದ ಎಂದು ಡಾಕ್ಟರಮ್ಮ ಕೇಳಿದರು. ಅಕ್ಕ ಮೊದಲು ತಮ್ಮನ ಮುಖ ನೋಡಿದಳು, ಆಮೇಲೆ ಎರಡು ವರ್ಷದಿಂದ ಎಂದಳು. ಅವನಿಗೆ ಅವಳು ಎರಡು ತಿಂಗಳು ಎಂದು ಹೇಳಿದ್ದಳು.

“ನಂದೇ ತಪ್ಪು ಡಾಕ್ಟ್ರೇ. ಬಸ್ಸು ಹೊರಟುಬಿಡುತ್ತೆ ಅಂತ ಒಂದಿನ ಚರಂಡಿ ಹಾರಿದೆ. ಅವತ್ತಿಂದ ಶುರುವಾಯ್ತು. ಇವನು ಎಷ್ಟು ಮುತುವರ್ಜಿಯಿಂದ ಹಾಕಿಸಿಕೊಟ್ಟಿದ್ದ, ನಾನು ಕೆಡಿಸಿಕೊಂಡೆ.” ಆಮೇಲೆ ತಮ್ಮನ ಕಡೆ ತಿರುಗಿ ದನಿ ತಗ್ಗಿಸಿದಳು. “ನಿನ್ನ ಹೆಸರಿಗೆ ಮಸಿ ಬಳಿದುಬಿಟ್ಟೆ ಕಣೋ ಮರಿ. ಬೇಜಾರು ಮಾಡ್ಕೋಬೇಡ.”

ಡಾಕ್ಟರಮ್ಮ ನಕ್ಕು, ಒಂದು ಚರಂಡಿ ಹಾರಿದ್ದಕ್ಕೆಲ್ಲ ಮೂಳೆ ಹೀಗಾಗುವುದಿಲ್ಲ ಎಂದರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಈ ವರ್ಷ ಹೀಗೆ ಕೆಟ್ಟು ತಮ್ಮ ಕೈಗೆ ಬಂದದ್ದರಲ್ಲಿ ಇದು ನಾಲ್ಕನೆಯದು, ನಾಲ್ಕೂ ಇದೇ ಮಾದರಿಯ ಮಂಡಿ, ನಾಲ್ಕನ್ನೂ ಹಾಕಿದ್ದು ತಾವೇ. ಮೂಳೆಗೆ ಲೋಹ ಅಂಟಿಸುವ ಸಿಮೆಂಟು ಹಚ್ಚುವಾಗ ತಮ್ಮ ಕೈಯೇ ಎಲ್ಲೋ ತಪ್ಪಿರಬೇಕು ಎಂದು ಅವರಿಗೆ ಈಚೆಗೆ ನಿದ್ದೆ ಬರುತ್ತಿರಲಿಲ್ಲವಂತೆ. ಇಷ್ಟು ಹೇಳಿ, ತಮ್ಮನನ್ನು ನೇರವಾಗಿ ಕೇಳಿದರು. “ನೀವು ಅದೇ ಕಾರ್ಖಾನೆಯವರಲ್ವಾ? ಪರೀಕ್ಷೆಯಲ್ಲಿ ಏನಾದ್ರೂ ಕಂಡಿತ್ತಾ?”

“ಪಾಸಾಗಿತ್ತು ಮೇಡಂ” ಎಂದ.

ನಿಜವೇ. ಪಾಸಾಗಿತ್ತು. ಸುಳ್ಳು ಹೇಳಲು ಇಷ್ಟು ಒಳ್ಳೆಯ ನಿಜ ಸಿಕ್ಕಿದರೆ ಯಾರಿಗೆ ಬೇಡ.

ಈ ತಮ್ಮನಿಗೆ ಐವತ್ತಮೂರು ವಯಸ್ಸು. ಕೃತಕ ಮಂಡಿ ತಯಾರಿಸುವ ಕಾರ್ಖಾನೆಯಲ್ಲಿ ಪರೀಕ್ಷೆಯ ಕೋಣೆ ಅವನದು. ಅಲ್ಲಿ ಎಲ್ಲರೂ ಅವನನ್ನು ‘ನಡಿಗೆ ಮೇಷ್ಟ್ರು’ ಎಂದು ಕರೆಯುತ್ತಾರೆ, ಯಾಕೆಂದರೆ ಹೊಸ ಮಂಡಿಗಳಿಗೆ ನಡಿಗೆ ಕಲಿಸುವವನು ಅವನೇ. ಕಾರ್ಖಾನೆಯವರು ಬಹುವಚನ ಕೊಟ್ಟರೆ ಕೊಡಲಿ, ಈ ಕಥೆಯಲ್ಲಿ ಅವನಿಗೆ ಏಕವಚನ ಸಾಕು. ಅವನ ಯಂತ್ರಕ್ಕೆ ಸಾಲಾಗಿ ಆರು ಮಂಡಿ ಸಿಕ್ಕಿಸಿದರೆ, ಆರರ ಮೇಲೂ ಒಬ್ಬ ಆಳಿನ ತೂಕದ ಎರಡು ಮೂರು ಪಟ್ಟು ಭಾರ ಹೇರಿ, ಸೆಕೆಂಡಿಗೊಂದು ಹೆಜ್ಜೆಯಂತೆ ಬಿಡುವಿಲ್ಲದೆ ನಡೆಸುತ್ತದೆ. ಮಂಡಿ ಮುಳುಗುವಷ್ಟು ಕರುವಿನ ರಕ್ತದ ತಿಳಿಯನ್ನು ಮೈಬಿಸಿಯಷ್ಟೇ ಬೆಚ್ಚಗೆ ತುಂಬಿಸಿರುತ್ತಾರೆ. ನಾಲ್ಕು ದಿನ ಕಳೆದರೆ ಅದರ ನಾತ ಹೇಳಿ ಪ್ರಯೋಜನವಿಲ್ಲ. ಅವನ ಹೆಂಡತಿ ಅವನ ಅಂಗಿಗಳಿಗೆ ಬೇರೆ ಬಕೆಟ್ಟೇ ಇಟ್ಟಿದ್ದಳು. ಹತ್ತು ಲಕ್ಷ ಹೆಜ್ಜೆಯೆಂದರೆ ಮನುಷ್ಯನಿಗೆ ಒಂದು ವರ್ಷದ ನಡಿಗೆ, ಐವತ್ತು ಲಕ್ಷವೆಂದರೆ ಐದು ವರ್ಷ. ಪ್ರತಿ ಐದು ಲಕ್ಷಕ್ಕೊಮ್ಮೆ ಯಂತ್ರ ನಿಲ್ಲಿಸಿ, ಬಿಲ್ಲೆಗಳನ್ನು ತೆಗೆದು, ತೊಳೆದು, ಒಣಗಿಸಿ, ತೂಗಬೇಕು. ಎಷ್ಟು ತೂಕ ಇಳಿಯಿತೋ ಅಷ್ಟು ಸವೆಯಿತು ಎಂದರ್ಥ.

ಹನ್ನೊಂದು ವರ್ಷದ ಹಿಂದೆ ಆ ಕೋಣೆಗೆ ಒಂದು ಹೊಸ ವಿನ್ಯಾಸ ಬಂತು. ಹಳೆಯ ಮಂಡಿಯಲ್ಲಿ ಲೋಹದ ತಟ್ಟೆಗೆ ಸುತ್ತಲೂ ಅಂಚು ಇರುತ್ತಿತ್ತು, ಬಿಲ್ಲೆಯನ್ನು ಅದರೊಳಗೆ ಒತ್ತಿ ಕೂರಿಸುವಷ್ಟರಲ್ಲಿ ಡಾಕ್ಟರುಗಳ ಹೆಬ್ಬೆರಳು ಸೋತುಹೋಗುತ್ತಿತ್ತು. ಹೊಸದರಲ್ಲಿ ಆ ಕಷ್ಟವಿಲ್ಲ. ಮುಂದೆ ಒಂದೇ ಒಂದು ಕೊಕ್ಕೆ, ಡಬ್ಬಿಯ ಮುಚ್ಚಳದ ಹಾಗೆ ಟಕ್ಕೆಂದು ಕೂರುತ್ತದೆ. ವಿನ್ಯಾಸದ ಮುಖ್ಯಸ್ಥ ಅದನ್ನು ಊಟದ ಮೇಜಿನ ಮೇಲೆಲ್ಲ ಟಕ್ ಟಕ್ ಎನ್ನಿಸಿ ತೋರಿಸುತ್ತಿದ್ದ, ಎಲ್ಲರೂ ಕೈತಟ್ಟಿದರು, ನಡಿಗೆ ಮೇಷ್ಟ್ರೂ ತಟ್ಟಿದ. ಟಕ್ಕೆಂದು ಕೂರುವಂಥದ್ದಕ್ಕೆ ಒಂದು ಕೂದಲೆಳೆಯಷ್ಟಾದರೂ ಸಡಿಲ ಇರಲೇಬೇಕು ಎನ್ನುವುದು ಡಬ್ಬಿ ಮುಚ್ಚಿ ತೆಗೆದವರಿಗೆಲ್ಲ ಗೊತ್ತು. ಆ ಸಡಿಲ ಮಂಡಿಯೊಳಗೆ ಏನು ಮಾಡೀತು ಎಂದು ಆ ಮೇಜಿನ ಸುತ್ತ ಯಾರೂ ಕೇಳಲಿಲ್ಲ.

ಬಿಲ್ಲೆಗಳ ಅಡಿಮೈಯಲ್ಲಿ, ತಟ್ಟೆಯ ಮೇಲೆ ಕೂರುವ ಬದಿಯಲ್ಲಿ, ಅಳತೆಯೂ ನಂಬರೂ ಅಚ್ಚಾಗಿರುತ್ತಿದ್ದವು. ಮೂವತ್ತು ಲಕ್ಷ ಹೆಜ್ಜೆಗೆ ಆ ನಂಬರು ಮಂಕಾಗಿದ್ದನ್ನು ಅವನು ನೋಡಿದ್ದ. ನೋಡಿ, ತಿಳಿದ್ರವದ ಕಲೆಯಿರಬೇಕು ಎಂದುಕೊಂಡಿದ್ದ. ಐವತ್ತು ಲಕ್ಷ ಮುಗಿದ ದಿನ ಬೆಳಗ್ಗೆ ಮುಖ್ಯಸ್ಥ ಎರಡು ಸಲ ಬಾಗಿಲಿಗೆ ಬಂದು ಆಯ್ತಾ ಎಂದು ಕೇಳಿ ಹೋದ. ಮಧ್ಯಾಹ್ನ ದೊಡ್ಡವರ ಮುಂದೆ ಫಲಿತಾಂಶ ಇಡಬೇಕಿತ್ತು. ‘ಬಿಲ್ಲೆಗಳನ್ನು ಒಂದೊಂದೇ ತೊಳೆಯಬೇಕು’ ಎಂದು ಅದೇ ಕೋಣೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದವನು ನಡಿಗೆ ಮೇಷ್ಟ್ರು. ಅವತ್ತು ಆರನ್ನೂ ಒಂದೇ ಬೋಗುಣಿಗೆ ಹಾಕಿ ತೊಳೆದವನೂ ಅವನೇ.

ಬಿಳಿ ಬಟ್ಟೆಯ ಮೇಲೆ ಆರನ್ನೂ ಹರಡಿ ಮಗುಚಿದರೆ ಮೂರಕ್ಕೆ ನಂಬರೇ ಇಲ್ಲ. ಉಜ್ಜಿ ಒರೆಸಿದ ಹಲಗೆಯ ಹಾಗೆ ಅಡಿಮೈ ನುಣ್ಣಗೆ ಹೊಳೆಯುತ್ತಿತ್ತು. ಯಾವುದು ಎರಡನೆಯದು, ಯಾವುದು ಐದನೆಯದು? ಮೂರು ತಿಂಗಳ ಪರೀಕ್ಷೆ; ಇಡೀ ಕಾರ್ಖಾನೆಗೆ ಶಿಸ್ತಿನ ಪಾಠ ಹೇಳುವ ಮೇಷ್ಟ್ರು ಬಿಲ್ಲೆಗಳನ್ನು ಬೆರೆಸಿಬಿಟ್ಟನಂತೆ ಎಂದು ಎಲ್ಲರೂ ನಗುವುದು ಕಿವಿಗೆ ಕೇಳಿಸಿದಂತಾಯಿತು.

ಅವನ ಅವಮಾನವೆಲ್ಲ ಬೆರೆತದ್ದರ ಬಗ್ಗೆ. ನಂಬರು ಅಳಿಸಿದ್ದು ಏಕೆ ಎಂಬ ಮಾತು ಆ ಹೊತ್ತಿಗೆ ತಲೆಗೇ ಹೋಗಲಿಲ್ಲ. ಹಿಂದಿನ ಸಲದ ತೂಕಗಳನ್ನು ನೋಡಿ, ಇದು ಎರಡಿರಬೇಕು, ಇದು ಮೂರಿರಬೇಕು, ಇದು ಐದಿರಬೇಕು ಎಂದು ಅಂದಾಜು ಮಾಡಿದ. ಗೀರುವ ಮೊಳೆ ತಗೊಂಡು ಬಿಲ್ಲೆಯ ಪಕ್ಕದ ಅಂಚಿನಲ್ಲಿ ಸಣ್ಣದಾಗಿ ನಂಬರು ಕೊರೆದ. ತೂಕ ಮಿತಿಯೊಳಗೇ ಇತ್ತು. ಮೇಲ್ಮೈಯ ಫೋಟೋ ಚೆನ್ನಾಗಿ ಬಂತು. ನಮೂನೆಯಲ್ಲಿ ಅಡಿಮೈಗೆ ಕಾಲಮ್ಮೇ ಇರಲಿಲ್ಲ. ಮಂಡಿ ಪಾಸಾಯಿತು.

ನಂಬರು ಏಕೆ ಅಳಿಸಿತು ಎಂಬ ಮಾತು ತಲೆಗೆ ಬಂದದ್ದು ನಾಲ್ಕು ದಿನ ಕಳೆದು, ಅನ್ನ ಕಲೆಸುತ್ತಿರುವಾಗ. ಹೆಜ್ಜೆಗೊಮ್ಮೆ ಆ ಬಿಲ್ಲೆ ತಟ್ಟೆಯ ಮೇಲೆ ಕೂದಲೆಳೆಯಷ್ಟು ಜಾರುತ್ತಿದೆ. ಜಾರಿದಾಗೆಲ್ಲ ಹಿಟ್ಟಿಗಿಂತ ನುಣುಪಾದ ಪುಡಿ ಉದುರುತ್ತದೆ. ತಕ್ಕಡಿಗೆ ಅದು ಭಾರವೇ ಅಲ್ಲ, ಆದರೆ ಮೈಯೊಳಗೆ ಸೇರಿದರೆ ಮೈ ಸುಮ್ಮನಿರುವುದಿಲ್ಲ. ಪುಡಿಯ ಮೇಲಿನ ಸಿಟ್ಟಿಗೆ ಪಕ್ಕದ ಮೂಳೆಯನ್ನು ತಿನ್ನಲು ತೊಡಗುತ್ತದೆ. ಇದು ಅವನಿಗೆ ಗೊತ್ತಿದ್ದ ವಿದ್ಯೆ. ಮುಖ್ಯಸ್ಥನ ಕೋಣೆಯವರೆಗೂ ಹೋದ. ಅಳಿಸಿದ್ದನ್ನು ಹೇಳಿದರೆ ಗೀರಿದ್ದನ್ನೂ ಹೇಳಬೇಕಾಗುತ್ತದೆ ಎನ್ನುವುದು ಬಾಗಿಲ ಹಿಡಿಗೆ ಕೈಹಾಕಿದಾಗ ಹೊಳೆಯಿತು. ಒಳಗೆ ಹೋಗಿ ಬೇರೆಯೇ ಮಾತು ಹೇಳಿದ: ಇನ್ನು ಮುಂದೆ ನಂಬರನ್ನು ಅಡಿಮೈಗೆ ಬದಲು ಪಕ್ಕದ ಅಂಚಿಗೆ ಅಚ್ಚು ಹಾಕಿದರೆ ಓದಲು ಸುಲಭ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮುಖ್ಯಸ್ಥ ಅವನ ಬೆನ್ನು ತಟ್ಟಿದ. ವರ್ಷದ ಉತ್ತಮ ಸಲಹೆ ಎಂದು ಸಭೆಯಲ್ಲಿ ಕರೆದು ಒಂದು ಗೋಡೆ ಗಡಿಯಾರ ಕೊಟ್ಟರು. ಆಮೇಲೆ ತಯಾರಾದ ಯಾವ ಬಿಲ್ಲೆಯ ನಂಬರೂ ಅಳಿಸಲಿಲ್ಲ, ಹೇಗೆ ಅಳಿಸೀತು? ಆ ಮಂಡಿ ಎಲ್ಲಿ ಕೆಡುತ್ತಿದೆಯೆಂದು ತೋರಿಸುತ್ತಿದ್ದ ಒಂದೇ ಒಂದು ಗುರುತನ್ನು ಎತ್ತಿ ಪಕ್ಕಕ್ಕಿಟ್ಟು ಬಹುಮಾನ ಪಡೆದವನು ಇವನು. ಗಡಿಯಾರ ಮನೆಯಲ್ಲಿ ಇರುವುದು ಅವನಿಗೆ ಸಹಿಸಲಾಗಲಿಲ್ಲ. ಅಕ್ಕನ ಮನೆಯ ಹಜಾರದಲ್ಲಿ ಗಡಿಯಾರ ಇಲ್ಲವಲ್ಲ ಎಂದು ಹೆಂಡತಿಗೆ ಹೇಳಿ ಅಲ್ಲಿಗೆ ಸಾಗಿಸಿದ.

ಈಗ ಅಕ್ಕನ ವಿಷಯ. ತಾಯಿ ಹೋದಾಗ ಅವಳಿಗೆ ಹದಿನಾರು, ಇವನಿಗೆ ಐದು. ಅವಳು ಅಂಚೆ ಹಂಚುವ ಕೆಲಸ ಹಿಡಿದು ಇವನನ್ನು ಓದಿಸಿದಳು. ಮೂವತ್ತೊಂದು ವರ್ಷ ಚೀಲ ಹೊತ್ತು, ಲಿಫ್ಟಿಲ್ಲದ ಕಟ್ಟಡಗಳ ಮೆಟ್ಟಿಲು ಹತ್ತಿಳಿದು, ಬಲಮಂಡಿಯನ್ನು ಪೂರಾ ಸವೆಸಿಕೊಂಡಳು. ಒಂದೇ ಒಂದು ಕಾಗದವನ್ನೂ ತಪ್ಪು ಬಾಗಿಲಿಗೆ ಹಾಕಿದವಳಲ್ಲ. ಮಳೆಯಲ್ಲಿ ವಿಳಾಸ ಅಳಿಸಿಹೋದ ಲಕೋಟೆ ಹಿಡಿದು ನಾಲ್ಕು ಬೀದಿ ವಿಚಾರಿಸಿ ಮುಟ್ಟಿಸಿದ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು, ಎರಡನೇ ಸಲ ಬಂದವರಿಗೂ ಹೇಳುತ್ತಿದ್ದಳು.

ಒಂಬತ್ತು ವರ್ಷದ ಹಿಂದೆ ಮಂಡಿ ಬದಲಿಸಬೇಕು ಎಂದಾದಾಗ ಡಾಕ್ಟರಮ್ಮ ಎರಡು ಮೂರು ಮಾದರಿ ಹೇಳಿದ್ದರು. ಅಕ್ಕನದು ಒಂದೇ ಹಟ, ನನ್ನ ತಮ್ಮ ನಡೆಸಿದ ಮಂಡಿಯೇ ಬೇಕು. ಬೇಡ ಎನ್ನಲು ಅವನಿಗೆ ಬಾಯಿತ್ತು. ಬೇಡ ಎಂದರೆ ಏಕೆ ಎಂದು ಕೇಳುತ್ತಾಳೆ. ಐದು ವರ್ಷದ ನಡಿಗೆಗೆ ತೂಕವೇನೂ ಮಿತಿ ಮೀರಿ ಇಳಿದಿಲ್ಲವಲ್ಲ, ಮೂಳೆ ತಿನ್ನುವುದು ಎಲ್ಲರಿಗೂ ಆಗಬೇಕೆಂದೇನಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಸುಮ್ಮನಾದ. ಆಪರೇಷನ್ ಆದ ಮೇಲೆ ಚೆನ್ನಾಗಿ ನಡೆಯಿರಿ, ಮೆಟ್ಟಿಲು ಹತ್ತಿ, ಏನೂ ಆಗುವುದಿಲ್ಲ ಎಂದು ಡಾಕ್ಟರಮ್ಮ ಕಳಿಸಿಕೊಟ್ಟರು. ಮೆಟ್ಟಿಲು ಬೇಡ ಅಕ್ಕ, ಸವೆಯುತ್ತೆ ಎಂದವನು ಇವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿ. ಯಾರೂ ಕೇಳದಿದ್ದರೂ ಅವಳನ್ನು ಕಂಡಾಗೆಲ್ಲ ಅದೇ ಮಾತು. ಅಕ್ಕನಿಗೆ ಡಾಕ್ಟರಿಗಿಂತ ತಮ್ಮನ ಮಾತು ದೊಡ್ಡದು. ಅವಳು ಆ ಮಂಡಿಯನ್ನು ಪಕ್ಕದ ಮನೆಯಿಂದ ಎರವಲು ತಂದ ಪಾತ್ರೆಯ ಹಾಗೆ ಬಳಸಿದಳು.

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಗೆಳತಿಯೊಬ್ಬಳು ಅಕ್ಕನಿಗಿದ್ದಳು. ಎರಡು ಬೀದಿ ಆಚೆ, ಮೂರನೇ ಮಹಡಿಯಲ್ಲಿ ಮನೆ. ವಾರಕ್ಕೆ ಮೂರು ದಿನ ಸೇರಿ ಹರಟುತ್ತಿದ್ದವರು. ಮೆಟ್ಟಿಲು ಬೇಡವೆಂದಾದ ಮೇಲೆ ಗೆಳತಿ ಮೇಲೆ ಬಾಲ್ಕನಿಯಲ್ಲಿ, ಅಕ್ಕ ಕೆಳಗೆ ಬೀದಿಯ ಬೆಂಚಿನಲ್ಲಿ. ಇಬ್ಬರ ಗಂಟಲೂ ಗಟ್ಟಿ. ಇವರ ಮನೆಯ ಗುಟ್ಟೆಲ್ಲ ಆ ಬೀದಿಗೆ ಬಾಯಿಪಾಠವಾಗಿತ್ತು, ಮಧ್ಯೆ ಎರಡನೇ ಮಹಡಿಯವರು ತಮ್ಮ ಅಭಿಪ್ರಾಯವನ್ನೂ ಸೇರಿಸುತ್ತಿದ್ದರು. ಹೋದ ವರ್ಷ ಗೆಳತಿ ಹಾಸಿಗೆ ಹಿಡಿದಳು. ಬಾಲ್ಕನಿಗೆ ಬರಲಾಗಲಿಲ್ಲ. ಅಕ್ಕ ಕೆಳಗೆ ಬೆಂಚಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. ನಾಲ್ಕು ತಿಂಗಳಿಗೆ ಫೋನೂ ನಿಂತಿತು.

ಎರಡನೇ ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ ತಮ್ಮ ಅಕ್ಕನ ಮನೆಗೆ ಹೋದ. ಹೇಳಿಬಿಡಬೇಕು ಎಂದೇ ಹೋಗಿದ್ದ. ಹಜಾರದಲ್ಲಿ ಆ ಗಡಿಯಾರ, ಗಾಜಿಗೆ ಧೂಳಿಲ್ಲ. ವಾರಕ್ಕೊಮ್ಮೆ ಅಕ್ಕ ಸ್ಟೂಲು ತರಿಸಿ ತನ್ನ ಮಗಳ ಕೈಯಲ್ಲಿ ಒರೆಸಿಸುತ್ತಿದ್ದಳು. ಕೂತವನು ಅದಕ್ಕೆ ಬೆನ್ನು ಮಾಡಿ ಕೂತ. ಅಕ್ಕ, ನಿನ್ನ ಮಂಡಿ ವಿಷಯ ಒಂದು ಮಾತು ಎಂದು ಶುರು ಮಾಡಿದ. ಅವಳು ಅವನ ಕೈ ಹಿಡಿದುಕೊಂಡಳು. ನೋವು ಎರಡು ವರ್ಷ ಮುಚ್ಚಿಟ್ಟದ್ದಕ್ಕೆ ಬೈಯಬೇಡ ಎಂದಳು. ಮೊದಮೊದಲು ಊದಿಕೊಂಡಾಗ ಬಿಸಿನೀರಿನ ಚೀಲ ಇಟ್ಟುಕೊಂಡಳಂತೆ. ಅವನು ಬರುತ್ತಾನೆಂದು ಗೊತ್ತಾದ ದಿನ ಮಾತ್ರೆ ನುಂಗಿ, ಕುಂಟದೆ ಬಾಗಿಲು ತೆಗೆಯುವುದನ್ನು ಅಭ್ಯಾಸ ಮಾಡಿದ್ದಳಂತೆ.

“ಯಾಕಕ್ಕ ಹಂಗೆ ಮಾಡ್ದೆ?”

“ನಾಚಿಕೆ ಆಯ್ತು ಕಣೋ. ಎಲ್ಲರಿಗೂ ಇಪ್ಪತ್ತು ವರ್ಷ ಬರೋದು ನನಗೆ ಏಳೇ ವರ್ಷಕ್ಕೆ ಕೆಟ್ಟಿದೆ ಅಂದ್ರೆ, ನಾನು ಎಂಥ ಹಾಳುಗೈಯವಳು ಅನ್ನಲ್ವಾ ನಿನ್ನ ಕಾರ್ಖಾನೆಯವರು?”

ಆ ಎರಡು ವರ್ಷ ಬೇಗ ತೋರಿಸಿದ್ದರೆ ಮೂಳೆ ಇಷ್ಟು ಹೋಗುತ್ತಿರಲಿಲ್ಲ. ಬಿಲ್ಲೆ ಬದಲಿಸಿದ್ದರೆ ಮುಗಿಯುತ್ತಿತ್ತು. ಈಗ ತಟ್ಟೆ ಕಿತ್ತು, ಕುಳಿಗಳಿಗೆ ತುಂಬಿ, ಉದ್ದನೆಯ ಕಡ್ಡಿಯ ಬೇರೆ ತಟ್ಟೆ ಇಳಿಸಬೇಕು. ಇದನ್ನೆಲ್ಲ ಲೆಕ್ಕ ಹಾಕುವಷ್ಟು ತಿಳಿದವನು ಅಲ್ಲಿ ಕೂತು, ಅಕ್ಕ ಕೊಟ್ಟ ಕಾಫಿ ಕುಡಿದು, ಸಕ್ಕರೆ ಸರಿಯಾಗಿದೆ ಎಂದು ಹೇಳಿ ಎದ್ದುಬಂದ. ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಎನ್ನಿಸಿತು ಅವನಿಗೆ. ನೆಲಕ್ಕೆ ಬೇರೆ ಕೆಲಸವಿರುತ್ತದೆ, ಅದು ಬಾಯಿಬಿಡಲಿಲ್ಲ.

ಆಪರೇಷನ್ ಮೂರೂವರೆ ಗಂಟೆ ಹಿಡಿಯಿತು. ಮುಗಿದ ಮೇಲೆ ಡಾಕ್ಟರಮ್ಮ ಕಾರಿಡಾರಿಗೆ ಬಂದು, ಹೊರತೆಗೆದ ಬಿಲ್ಲೆಯನ್ನು ತೊಳೆದು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಅವನ ಕೈಗೆ ಕೊಟ್ಟರು. ಕಾರ್ಖಾನೆಯಲ್ಲಿ ನೋಡಿಸಿ ಎಂದರು. ಮೇಲ್ಮೈ ಹೊಸದರಂತೇ ಇದೆ, ಹಾಗಾಗಿ ರೋಗಿಯ ಮೂಳೆಯೇ ದುರ್ಬಲವಿತ್ತು, ಇಲ್ಲವೆ ನನ್ನ ಸಿಮೆಂಟೇ ಸರಿಯಾಗಿರಲಿಲ್ಲ ಎಂದು ಬರೆಯುತ್ತೇನೆ ಎಂದು ಹೇಳಿ ಹೋದರು. ಅವರೂ ಮಗುಚಿ ನೋಡಿರಲಿಲ್ಲ. ಪಕ್ಕದ ಅಂಚಿನಲ್ಲಿ ನಂಬರು ನಿನ್ನೆ ಅಚ್ಚು ಹಾಕಿದಷ್ಟು ಸ್ಪಷ್ಟವಾಗಿತ್ತು, ಇವನ ಸಲಹೆಯ ನಂಬರು.

ಅವನು ಬೆಂಚಿನ ಮೇಲೆ ಕೂತು ಡಬ್ಬಿಯನ್ನು ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ತೆರೆದು, ಮಗುಚಿ, ಹೆಬ್ಬೆರಳು ಆಡಿಸಿದ. ಒಳಬದಿಗೆ ಉಗುರು ಇಳಿಯುವಷ್ಟು ತಗ್ಗು ಬಿದ್ದಿತ್ತು. ಈ ಬಿಲ್ಲೆಯನ್ನು ಹೀಗೇ ತೆಗೆದುಕೊಂಡು ಹೋಗಿ ಕಪಾಟಿನಲ್ಲಿಟ್ಟರೆ ಜಗತ್ತಿನಲ್ಲಿ ಯಾರೂ ಕೇಳುವುದಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಹಾಗೆ ಗೊತ್ತಾದದ್ದೇ ಅವನಿಗೆ ಅಸಹ್ಯವೆನ್ನಿಸಿತು. ಹನ್ನೊಂದು ವರ್ಷ ಅವನು ಅದೊಂದನ್ನೇ ನೆಚ್ಚಿಕೊಂಡು ಊಟ ಮಾಡಿದ್ದ.

ಮೂರನೆಯ ದಿನ ಬೆಳಗ್ಗೆ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಹಳೆಯದು ಹೇಗಿದೆ ನೋಡುತ್ತೇನೆ ಎಂದಳು. ಅವನು ಡಬ್ಬಿ ಕೊಟ್ಟ. ಅಕ್ಕ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಅವಳ ಮುಖ ಸಣ್ಣದಾಯಿತು.

“ಎಷ್ಟು ಚೆನ್ನಾಗಿದೆಯಲ್ಲೋ ಇನ್ನೂ. ಇಂಥದ್ದನ್ನ ಹಾಳು ಮಾಡ್ಕೊಂಡೆ ನೋಡು.”

“ಮಗುಚಿ ನೋಡಕ್ಕ.”

ಅವಳು ಮಗುಚಿದಳು. ಕನ್ನಡಕ ಸರಿಮಾಡಿಕೊಂಡಳು. ಬೆರಳು ತಗ್ಗಿಗೆ ಹೋಗಿ ನಿಂತಿತು.

ಆಮೇಲೆ ಅವನು ಹೇಳಿದ. ಬೋಗುಣಿಯಿಂದ ಹಿಡಿದು ಗಡಿಯಾರದವರೆಗೆ ಎಲ್ಲವನ್ನೂ, ತಡವರಿಸುತ್ತ, ನಡುನಡುವೆ ನಮೂನೆಯಲ್ಲಿ ಕಾಲಮ್ ಇರಲಿಲ್ಲ ಎಂದು ಎರಡು ಸಲ ಹೇಳಿದ. ಎರಡನೇ ಸಲ ಹೇಳುವಾಗ ತನ್ನ ದನಿ ತನಗೇ ಕೇಳಿ ಆ ಮಾತನ್ನು ಅಲ್ಲೇ ಬಿಟ್ಟ. ಅಕ್ಕ ಬೈಯಲಿ ಎಂದು ಅವನು ಕಾಯುತ್ತಿದ್ದ; ಬೈದರೆ ಅರ್ಧ ತೀರಿತು ಎನ್ನುವುದು ಚಿಕ್ಕಂದಿನಿಂದಲೂ ಅವನಿಗಿದ್ದ ಅನುಭವ.

“ಹನ್ನೊಂದು ವರ್ಷ” ಎಂದಳು ಕೊನೆಗೆ. “ಜನರಿಗೆ ಸೇರಬೇಕಾದ ಕಾಗದನ ಜೇಬಲ್ಲಿ ಇಟ್ಕೊಂಡು ಓಡಾಡಿದ್ಯಾ?”

ಅಂಚೆ ಹಂಚಿದವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ.

ಎಷ್ಟು ಜನರ ಕಾಲಿನಲ್ಲಿದೆ ಇದು ಎಂದು ಕೇಳಿದಳು. ಸಾವಿರಗಟ್ಟಲೆ ಎಂದ. ಅವರಲ್ಲಿ ಎಷ್ಟು ಜನ ನನ್ನ ಹಾಗೆ ನಾಚಿಕೆಪಟ್ಟುಕೊಂಡು ಬಿಸಿನೀರಿನ ಚೀಲ ಇಟ್ಟುಕೊಂಡಿದ್ದಾರೋ ಎಂದಳು. ಮಗಳು ಬಿಟ್ಟುಹೋಗಿದ್ದ ಚೀಲದಿಂದ ಹಾಳೆ, ಪೆನ್ನು ತೆಗೆಸಿದಳು. “ಬರಿ. ಅವತ್ತು ಬರೀಬೇಕಾಗಿದ್ದನ್ನ ಇವತ್ತು ಬರಿ. ಚೆಂದ ಮಾಡೋಕೆ ಹೋಗ್ಬೇಡ.”

ಅವನು ಹಾಸಿಗೆಯ ಪಕ್ಕದ ಸಣ್ಣ ಮೇಜಿನ ಮೇಲೆ ಬರೆದ. ಐವತ್ತು ಲಕ್ಷ ಹೆಜ್ಜೆಯ ನಂತರ ಆರರಲ್ಲಿ ಮೂರು ಬಿಲ್ಲೆಗಳ ಅಡಿಮೈಯ ನಂಬರು ಪೂರ್ತಿ ಸವೆದು ಹೋಗಿತ್ತು. ಬಿಲ್ಲೆಗಳನ್ನು ಬೆರೆಸಿದ್ದೆ. ಅಂದಾಜಿನಿಂದ ನಂಬರು ಗೀರಿದೆ. ಸವೆದದ್ದನ್ನು ಯಾರಿಗೂ ಹೇಳಲಿಲ್ಲ. ಅಕ್ಕ ಓದಿ, ತಾರೀಕು ಹಾಕಿಲ್ಲ ಎಂದು ವಾಪಸು ಕೊಟ್ಟಳು. ಹಾಕಿದ.

ಡಾಕ್ಟರಮ್ಮ ರೌಂಡ್ಸಿಗೆ ಬಂದಾಗ ಅವನೇ ಎದ್ದು ಹಾಳೆಯನ್ನೂ ಬಿಲ್ಲೆಯನ್ನೂ ಕೊಟ್ಟ. ಅವರು ನಿಂತುಕೊಂಡೇ ಓದಿದರು. ಬಿಲ್ಲೆಯನ್ನು ಮಗುಚಿ ಬಹಳ ಹೊತ್ತು ನೋಡಿದರು. ಇದನ್ನು ಕಾರ್ಖಾನೆಗೂ, ಇಂಥ ಸಾಧನಗಳ ಮೇಲೆ ನಿಗಾ ಇಡುವ ಇಲಾಖೆಗೂ ಇವತ್ತೇ ಕಳಿಸುತ್ತೇನೆ, ನಾನು ಈ ಮಾದರಿ ಹಾಕಿದವರನ್ನೆಲ್ಲ ಕರೆಸಿ ಎಕ್ಸ್‌ರೇ ತೆಗೆಸುತ್ತೇನೆ ಎಂದರು. ಅವನ ಕೆಲಸ ಹೋಗುತ್ತದೆ ಎಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ನೀವು ಅವತ್ತು ನನ್ನ ಮುಂದೆ ಕೂತಿದ್ರಿ. ನಂದೇ ಕೈ ತಪ್ಪಿರಬೇಕು ಅಂತ ನಾನು ಹೇಳ್ತಿದ್ದೆ. ನೀವು ಕೇಳಿಸ್ಕೊಂಡು ಕೂತಿದ್ರಿ.”

ಉತ್ತರಕ್ಕೆ ಅವರು ಕಾಯಲಿಲ್ಲ.

ಆದರೂ, ನಾಚಿಕೆಗೇಡಿನ ಮಾತು, ಅವರು ಹೋದ ಮೇಲೆ ಅವನಿಗೆ ಸ್ವಲ್ಪ ಹಗುರವೆನ್ನಿಸಿತು. ಹೇಳಿಯಾಯಿತು, ಬರೆದಾಯಿತು, ಅಕ್ಕ ಬೈದದ್ದೂ ಆಯಿತು ಎಂದುಕೊಂಡ. ಮಧ್ಯಾಹ್ನ ವ್ಯಾಯಾಮ ಮಾಡಿಸುವವಳು ಬಂದು ಅಕ್ಕನನ್ನು ಎಬ್ಬಿಸಿ ನಿಲ್ಲಿಸಿದಳು. ಬಾಗಿಲವರೆಗೆ ಹೋಗಿ ಬನ್ನಿ ಎಂದಳು. ಅಕ್ಕ ಒಂದು ಕೈ ಊರುಗೋಲಿಗೆ, ಒಂದು ಕೈ ತಮ್ಮನ ಹೆಗಲಿಗೆ ಹಾಕಿ ಹೆಜ್ಜೆ ಇಟ್ಟಳು. ಭಾರವನ್ನೆಲ್ಲ ಅವನ ಮೇಲೇ ಬಿಟ್ಟಿದ್ದಳು. ಚಿಕ್ಕವನಿದ್ದಾಗ ಅವನನ್ನು ಎತ್ತಿಕೊಂಡು ಶಾಲೆಗೆ ಬಿಟ್ಟ ಹೆಗಲು ಅವಳದು. ಈಗ ತನ್ನ ಹೆಗಲಿಗೆ ಆ ಕೈ ಬಿದ್ದಾಗ ತನ್ನನ್ನು ಕ್ಷಮಿಸಿದಳು ಎಂದೇ ಅವನು ಅಂದುಕೊಂಡ. ಬಾಗಿಲು ಮುಟ್ಟಿ ತಿರುಗಿದರು. ಅಲ್ಲಿ ಅವಳು ನಿಂತಳು.

“ಮರಿ, ಒಂದು ಮಾತು ಕೇಳ್ತೀನಿ, ನಿಜ ಹೇಳು. ನಾನು ಮೆಟ್ಟಿಲು ಹತ್ತಿದ್ರೆ ಇದು ಇನ್ನೂ ಬೇಗ ಹೋಗ್ತಿತ್ತಾ?”

ಬಿಲ್ಲೆ ಹೆಜ್ಜೆ ಹೆಜ್ಜೆಗೂ ಜಾರುತ್ತಿತ್ತು. ಅಡುಗೆಮನೆಯಿಂದ ಹಜಾರಕ್ಕೆ ನಡೆದರೂ ಜಾರುತ್ತಿತ್ತು, ಬೀದಿಯ ಬೆಂಚಿಗೆ ನಡೆದರೂ ಜಾರುತ್ತಿತ್ತು. ಮೂರು ಮಹಡಿಯ ಮೆಟ್ಟಿಲು ಆ ಲಕ್ಷಗಳಲ್ಲಿ ಲೆಕ್ಕಕ್ಕೇ ಬರುವಂಥದ್ದಲ್ಲ. ಅವನಿಗೆ ಸುಳ್ಳು ಹೇಳುವ ಆಸೆಯಾಯಿತು. ಹೇಳಿದ್ದರೆ ಅವಳಿಗೂ ಸಮಾಧಾನವಾಗುತ್ತಿತ್ತೇನೋ.

“ಇಲ್ಲಕ್ಕ” ಎಂದ. “ಹತ್ತಿದ್ರೂ ಇಷ್ಟೇ, ಹತ್ತದೇ ಇದ್ರೂ ಇಷ್ಟೇ.”

“ಅಂದ್ರೆ ಹತ್ತಬಹುದಾಗಿತ್ತು.”

“ಹತ್ತಬಹುದಾಗಿತ್ತು.”

ಅಕ್ಕ ಹೂಂ ಎಂದಳು. ನಾಲ್ಕು ತಿಂಗಳು ಬೀದಿಯ ಬೆಂಚಿನಿಂದ ತಲೆಯೆತ್ತಿ ನೋಡಿದ ಗೆಳತಿಯ ಖಾಲಿ ಬಾಲ್ಕನಿ ಆ ಗೋಡೆಯ ಮೇಲಿದೆಯೇನೋ ಎಂಬಂತೆ ಸ್ವಲ್ಪ ಹೊತ್ತು ಎದುರಿಗೆ ನೋಡಿದಳು. ಆಮೇಲೆ ಅವನ ಹೆಗಲಿನ ಮೇಲಿದ್ದ ಕೈಯನ್ನು ತೆಗೆದು ಗೋಡೆ ಹಿಡಿದುಕೊಂಡಳು. ಮಂಚಕ್ಕೆ ಇನ್ನೂ ಒಂಬತ್ತು ಹೆಜ್ಜೆಯಿತ್ತು. ಅವನು ಹಿಂದೆಯೇ ಕೈಚಾಚಿಕೊಂಡು ನಡೆದ, ಅವಳು ಒಬ್ಬಳೇ ಹೋದಳು.